ಸ್ಟೆಂಟ್ ಹಾಕಿದ ಮೇಲೆ ಏನು?

ಕಳೆದ ವರ್ಷ ನನ್ನ ಇಂಟರ್ನಲ್ಸ್ ನಡೆಯುತ್ತಿದ್ದಾಗಲೇ ಅಪ್ಪನಿಗೆ ಹೃದಯಾಘಾತವಾಯಿತು. ತಿಪಟೂರಿನಿಂದ ಬೆಂಗಳೂರಿಗೆ ಆಂಬುಲೆನ್ಸ್, ರಾತ್ರಿಯೇ ಸ್ಟೆಂಟ್, ನಾಲ್ಕನೇ ದಿನ ಡಿಸ್ಚಾರ್ಜ್. ಕೈಗೆ ಸಿಕ್ಕಿದ್ದು ಒಂದು ಫೈಲು, ಆರು ಬಗೆಯ ಮಾತ್ರೆ ಮತ್ತು ‘ಭಾರ ಎತ್ತಬೇಡಿ, ರೆಸ್ಟ್ ತಗೊಳ್ಳಿ’ ಎಂಬ ಮಾತು. ಎಷ್ಟು ದಿನ ರೆಸ್ಟ್? ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಪ್ಪ ಅದನ್ನು ವ್ರತದಂತೆ ಹಿಡಿದರು. ಹಿಟ್ಟಿನ ಗಿರಣಿಗೆ ಬೀಗ ಬಿತ್ತು. ಮೂರು ತಿಂಗಳು ಜಗಲಿ ಬಿಟ್ಟು ಕದಲಲಿಲ್ಲ. ಅಮ್ಮ ಖಾಲಿ ಕೊಡ ಮುಟ್ಟಲೂ ಬಿಡುತ್ತಿರಲಿಲ್ಲ. ನೋಡಲು ಬಂದ ನೆಂಟರು ಪುನೀತ್ ರಾಜ್‌ಕುಮಾರ್ ಸಾವಿನ ವಿಷಯ ತೆಗೆದು, ಇದ್ದ ಹೆದರಿಕೆಯನ್ನು ದುಪ್ಪಟ್ಟು ಮಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ರಾತ್ರಿ ಎದೆ ಮೇಲೆ ಕೈಯಿಟ್ಟು ಬಡಿತ ಎಣಿಸುತ್ತಾ ಕೂತ ಅಪ್ಪನನ್ನು ನೋಡಿದಾಗ, ಸ್ಟೆಂಟ್ ಹೃದಯ ಸರಿಮಾಡಿತು, ಮನುಷ್ಯನನ್ನಲ್ಲ ಅನ್ನಿಸಿತು.

‘ಕಾರ್ಡಿಯಾಕ್ ರಿಹ್ಯಾಬ್’ ಎಂಬ ಪದ ನಾನು ಮೊದಲು ಕೇಳಿದ್ದು ತುಮಕೂರಿನ ಫಿಸಿಯೋಥೆರಪಿಸ್ಟ್ ಒಬ್ಬರಿಂದ. ಹೃದಯಾಘಾತವಾದವರಿಗೆ ನಿಗಾ ಇಟ್ಟು ಹಂತಹಂತವಾಗಿ ವ್ಯಾಯಾಮ ಮಾಡಿಸುವುದು, ಊಟ, ಮಾತ್ರೆ, ಬೀಡಿ ಬಿಡುವುದು, ಮನಸ್ಸಿನ ಭಯ ಎಲ್ಲದರ ಬಗ್ಗೆ ಕೂತು ಮಾತಾಡುವುದು ಅದರ ಕೆಲಸ. ಇದರಿಂದ ಹೃದ್ರೋಗದ ಸಾವು ಮತ್ತು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆಂದು ಎಷ್ಟೋ ಅಧ್ಯಯನಗಳು ಹೇಳಿವೆ. ಆದರೂ 2019ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ 203 ದೇಶಗಳ ಪೈಕಿ ಇದು ಇದ್ದದ್ದು 111ರಲ್ಲಿ ಮಾತ್ರ. ಇರುವ ಕಡೆಯೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗಿಬರಲು ಗಿರಣಿಯವನಿಗೆ ಸಾಧ್ಯವೇ?

ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ 3,959 ರೋಗಿಗಳ ಮೇಲೆ ‘ಯೋಗ-ಕೇರ್’ ಅಧ್ಯಯನ ನಡೆಯಿತು. ಮೂರು ತಿಂಗಳಲ್ಲಿ 13 ತರಗತಿ, ಉಳಿದದ್ದು ಮನೆಯಲ್ಲೇ ಅಭ್ಯಾಸ. 2020ರಲ್ಲಿ ಬಂದ ಫಲಿತಾಂಶ ಪವಾಡವೇನಲ್ಲ: ಸಾವು, ಮರು ಹೃದಯಾಘಾತ ಕಡಿಮೆಯಾಯಿತೆಂದು ಖಚಿತವಾಗಿ ಸಾಬೀತಾಗಲಿಲ್ಲ. ಆದರೆ ಯೋಗ ಮಾಡಿದವರು ಮೊದಲಿನ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ನಮ್ಮ ಮನೆಗೆ ಬೇಕಿದ್ದದ್ದು ಅದೇ.

2017ರಲ್ಲಿ ಕೇಂದ್ರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ನಮ್ಮ ರಾಜ್ಯದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ. ಜೀವ ಉಳಿಸುವ ಕೆಲಸ ಊರಿನ ಹತ್ತಿರ ಬಂದಿದೆ. ಉಳಿದ ಜೀವವನ್ನು ನಡೆಸುವ ಕೆಲಸವೂ ಬರಲಿ. ಬಿಪಿ, ಶುಗರ್ ನೋಡುವ ಕ್ಲಿನಿಕ್‌ನಲ್ಲೇ ವಾರಕ್ಕೆರಡು ದಿನ ಒಬ್ಬ ಫಿಸಿಯೋಥೆರಪಿಸ್ಟ್ ಕೂತರೂ ಸಾಕಷ್ಟಾಯಿತು.

ಮಿನಿ ಪ್ರಾಜೆಕ್ಟ್‌ಗೆ ಇದರದೇ ಆ್ಯಪ್ ಮಾಡುತ್ತೇನೆಂದು ಹೊರಟಿದ್ದೆ. ಅಪ್ಪನ ಕೀಪ್ಯಾಡ್ ಫೋನ್ ನೋಡಿ ಸುಮ್ಮನಾದೆ. ಬದಲಿಗೆ, ಡಾಕ್ಟರ ಒಪ್ಪಿಗೆ ಪಡೆದು ಇಬ್ಬರೂ ಕೆರೆ ಏರಿ ಮೇಲೆ ನಡೆಯಲು ಶುರುಮಾಡಿದೆವು. ಫಿಸಿಯೋ ಹೇಳಿಕೊಟ್ಟ ಲೆಕ್ಕ ಸರಳ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಪ್ಪ ಅಣ್ಣಾವ್ರ ಹಾಡು ಗುನುಗಿದರೆ ನಾನು ತುಸು ಬೇಗ ಹೆಜ್ಜೆ ಹಾಕುತ್ತೇನೆ. ತುಮಕೂರಿನಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಮೊದಲ ಸಲ 290 ಮೀಟರ್, ಹತ್ತು ವಾರದ ನಂತರ 410.

ಈಗ ಗಿರಣಿ ಬೆಳಿಗ್ಗೆ ಹೊತ್ತು ತೆರೆದಿರುತ್ತದೆ. ರಾಗಿ ಮೂಟೆ ಗಿರಾಕಿಗಳೇ ಇಳಿಸಿಕೊಳ್ಳಬೇಕು. ಹೋದ ವಾರ ಪಕ್ಕದ ಬೀದಿಯ ಟೈಲರ್ ಮಾವ ತಮ್ಮ ಫೈಲು ಹಿಡಿದು ಬಂದು, ‘ನಾನೂ ಬರಬಹುದೇನಪ್ಪ?’ ಎಂದರು. ‘ಮೊದಲು ಡಾಕ್ಟರನ್ನ ಕೇಳ್ಕೊಂಡು ಬನ್ನಿ’ ಅಂದಿದ್ದಾರೆ ಅಪ್ಪ.