ಕಾಣದ ಹೊಗೆ

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಹಳೆಯ ಹೆಂಚಿನ ಮನೆಗಳನ್ನು ನೀವು ನೋಡಿರಬಹುದು. ಅಲ್ಲಿ ಸೌದೆಯ ಹೊಗೆಯು ಹೆಂಚಿನ ಸಂದುಗಳಿಂದಲೂ ಬೆಳಕಿಂಡಿಯಿಂದಲೂ ಹೊರಹೋಗುತ್ತಿತ್ತು. ಒಳಗೆ ಉಳಿದ ಹೊಗೆ ಕಣ್ಣುರಿ, ಕೆಮ್ಮುಗಳನ್ನು ತರುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಹೊಗೆಕೊಳವೆಯುಳ್ಳ ಒಲೆಯನ್ನು ರೂಪಿಸಿ ಈ ಕಷ್ಟವನ್ನು ತಗ್ಗಿಸಿತು. ಆದರೆ ಮಸಿಗಟ್ಟಿದ ಕೊಳವೆಯನ್ನು ಶುಚಿಗೊಳಿಸದಿದ್ದರೆ ಹೊಗೆ ಮತ್ತೆ ಒಳಕ್ಕೇ ಮರಳುವುದು.

ಇಂದಿನ ತಾರಸಿ ಮನೆಗಳಲ್ಲಿ ಅಂತಹ ಸಂದುಗಳಿಲ್ಲ. ಚಳಿಗೆಂದು ಕದ ಕಿಟಕಿಗಳನ್ನು ಮುಚ್ಚಿ, ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡುವುದುಂಟು. ಗಾಳಿಯಾಡದ ಬಚ್ಚಲುಮನೆಯಲ್ಲಿ ಅನಿಲದ ಗೀಸರನ್ನು ಉರಿಸುವುದುಂಟು. ಸಾಕಷ್ಟು ಗಾಳಿ ದೊರೆಯದೆ ಉರಿಯುವ ಇಂಧನದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಬಳಿಕ ಮೂರ್ಛೆ, ಮರಣ. ನಿದ್ರಿಸುತ್ತಿರುವವರಿಗೆ ಈ ಸೂಚನೆಗಳೂ ತಿಳಿಯವು.

ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಈ ಅನಿಲವನ್ನು ಅರಿಯಲು ಕ್ಯಾನರಿ ಹಕ್ಕಿಗಳನ್ನು ಒಯ್ಯುತ್ತಿದ್ದರು. ಹಕ್ಕಿ ಕುಸಿದರೆ ಗಣಿಗಾರರು ಹೊರಗೆ ಧಾವಿಸುತ್ತಿದ್ದರು. ಅವುಗಳ ಬದಲು ಯಂತ್ರಗಳನ್ನು ಬಳಸುವ ನಿರ್ಧಾರವಾದುದು 1986ರಲ್ಲಿ. ಈಗ ಮನೆಗಳಲ್ಲಿ ಇಡುವಂತಹ ಸಣ್ಣ ಸೂಚಕಗಳೂ ದೊರೆಯುತ್ತವೆ. ಹೊಗೆಯನ್ನು ಮಾತ್ರ ಗುರುತಿಸುವ ಸೂಚಕವು ಕಾರ್ಬನ್ ಮಾನಾಕ್ಸೈಡನ್ನು ಅರಿಯದು. ಅದಕ್ಕೆ ಬೇರೆ ಸೂಚಕವಾಗಲಿ, ಎರಡನ್ನೂ ಅರಿಯುವ ಸೂಚಕವಾಗಲಿ ಬೇಕು.

ಹಕ್ಕಿಗೆ ಕಾಳು ನೀರು ಬೇಕಾಗಿದ್ದಂತೆ ಸೂಚಕಕ್ಕೂ ಆರೈಕೆ ಬೇಕು. ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿಯನ್ನು ಒತ್ತಿ ಸದ್ದು ಬರುವುದೇ ಎಂದು ನೋಡಬೇಕು. ಧೂಳು, ಜೇಡರ ಬಲೆಗಳನ್ನು ತೆಗೆಯಬೇಕು. ಬ್ಯಾಟರಿಯನ್ನು ಕಾಲಕಾಲಕ್ಕೆ ಬದಲಿಸಬೇಕು. ಒಗ್ಗರಣೆಯ ಹೊಗೆಗೆ ಕೂಗಿತೆಂದು ಬೇಸರಿಸಿ ಬ್ಯಾಟರಿ ಕಿತ್ತಿಡುವುದು ಅವಿವೇಕ. ಸೂಚಕವನ್ನು ಒಲೆಯಿಂದ ದೂರ ಸರಿಸಿದರೆ ಸಾಕು. ಹೊಗೆಸೂಚಕದ ಆಯುಷ್ಯ ಸುಮಾರು 10 ವರ್ಷ. ಅನಿಲಸೂಚಕದ ಅವಧಿಯನ್ನು ಅದರ ಮೇಲೆಯೇ ಮುದ್ರಿಸಿರುತ್ತಾರೆ. ಅವಧಿ ಮೀರಿದ ಸೂಚಕವು ಗೋಡೆಯ ಮೇಲಿದ್ದರೂ ಇಲ್ಲದಂತೆಯೇ. ಅದು ಇದೆಯೆಂಬ ನಂಬಿಕೆ ಇನ್ನೂ ಅಪಾಯಕರ.

ಸೂಚಕ ಕೂಗಿದೊಡನೆ ಎಲ್ಲರೂ ಮನೆಯಿಂದ ಹೊರಬರಬೇಕು. ಬರುವಾಗ ಸಾಧ್ಯವಾದರೆ ಕದ ಕಿಟಕಿಗಳನ್ನು ತೆರೆಯಬೇಕು. ಅಸ್ವಸ್ಥರಾದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೂಚಕವನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಾರದು. ಆದರೆ ಮಲಗುವ ಮುನ್ನ ಕೆಂಡವನ್ನು ಹೊರಗಿಡಲು, ಗೀಸರನ್ನು ಗಾಳಿಯಾಡುವೆಡೆಯಲ್ಲಿ ಮಾತ್ರ ಉರಿಸಲು ಹಣ ಬೇಕಿಲ್ಲ. ಸೂಚಕವು ಅಪಾಯ ಬಂದುದನ್ನು ತಿಳಿಸುತ್ತದೆ. ಅದು ಬಾರದಂತೆ ತಡೆಯುವುದು ನಮ್ಮ ಎಚ್ಚರವೇ.