ಮನೆಗೆ ತಕ್ಕ ಕೀಲಿಮಣೆ

ಮಣ್ಣಿನ ಗಡಿಗೆಯನ್ನು ಕೊಳ್ಳಹೋದವರು ಅದರ ಬಣ್ಣವನ್ನು ನೋಡಿಯೇ ಹಣವನ್ನು ತೆಗೆದುಕೊಡುವುದಿಲ್ಲ. ಬೆರಳಿನಿಂದ ಬಡಿದು, ಅದರ ನಾದವನ್ನು ಕೇಳಿ, ಬಿರುಕಿಲ್ಲವೆಂದು ತಿಳಿದ ಮೇಲೆಯೇ ಬೆಲೆಯ ಮಾತನ್ನೆತ್ತುವರು. ಈಳಿಗೆಮಣೆಯನ್ನು ಕೊಳ್ಳುವವರೂ ಮಣೆಯ ಚೆಲುವನ್ನು ಬಿಟ್ಟು ಅಲುಗನ್ನು ಪರೀಕ್ಷಿಸುವರು. ಆದರೆ ಇಂದಿನ ಮನೆಗಳಲ್ಲಿ ಅಷ್ಟೇ ಪ್ರತಿದಿನವೂ ಕೈಗೆ ಬೀಳುವ ಇನ್ನೊಂದು ಮಣೆಯ ವಿಷಯದಲ್ಲಿ, ಎಂದರೆ ಕಂಪ್ಯೂಟರಿನ ಕೀಲಿಮಣೆಯ ವಿಷಯದಲ್ಲಿ, ಈ ವಿವೇಕವು ಅಷ್ಟಾಗಿ ಕಾಣಬರುವುದಿಲ್ಲ. ಕೀಲಿಗಳ ಅಡಿಯಲ್ಲಿ ಮಿನುಗುವ ಬಣ್ಣಬಣ್ಣದ ದೀಪಗಳನ್ನೂ, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗದ ಅಂಕಿಗಳನ್ನೂ ನೋಡಿ ಮೆಚ್ಚಿ ಮನೆಗೆ ತರುವವರೇ ಹೆಚ್ಚು. ತಂದ ಮೇಲೆ ಅದೊಂದೇ ಮಣೆಯ ಮೇಲೆ ಮಗಳು ಸಂಜೆ ಆಟವಾಡಬೇಕು, ಮಗನು ಪ್ರಬಂಧವನ್ನು ಬರೆಯಬೇಕು, ತಾಯಿಯು ಕಚೇರಿಯ ಪತ್ರಗಳಿಗೆ ಉತ್ತರ ಕೊಡಬೇಕು, ತಂದೆಯು ತಿಂಗಳ ಲೆಕ್ಕವನ್ನು ಹಾಕಬೇಕು. ಆದುದರಿಂದ ಆಟಕ್ಕೂ ಬರವಣಿಗೆಗೂ ಒಪ್ಪುವ ಕೀಲಿಮಣೆಯನ್ನು ಆರಿಸುವ ಬಗೆಯನ್ನು ಗೃಹಸ್ಥರಾದವರು ಸ್ವಲ್ಪ ತಿಳಿದಿರುವುದು ಮೇಲು.

ಕೀಲಿಮಣೆಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಸಾಧಾರಣವಾಗಿ ಕಂಪ್ಯೂಟರಿನೊಡನೆ ಅಗ್ಗವಾಗಿ ಬರತಕ್ಕವು ಮೆಂಬ್ರೇನ್ ಜಾತಿಯವು. ಇವುಗಳಲ್ಲಿ ಎಲ್ಲ ಕೀಲಿಗಳಿಗೂ ಸೇರಿ ಪ್ಲಾಸ್ಟಿಕ್ಕಿನ ತೆಳುಹಾಳೆಗಳೂ, ಅವುಗಳ ಮೇಲೆ ರಬ್ಬರಿನ ಸಣ್ಣ ಗುಮ್ಮಟಗಳೂ ಇರುವುವು. ಕೀಲಿಯನ್ನು ತಳಮುಟ್ಟ ಒತ್ತಿದ ಹೊರತು ಅಕ್ಷರವು ಮೂಡದು. ರಬ್ಬರು ಹಳತಾದಂತೆಲ್ಲ ಒತ್ತುವಿಕೆಯು ಮಂಕಾಗುವುದು. ಎರಡನೆಯದು ಮೆಕ್ಯಾನಿಕಲ್ ಎಂಬ ಜಾತಿ. ಇದರಲ್ಲಿ ಪ್ರತಿಯೊಂದು ಕೀಲಿಯ ಕೆಳಗೂ ತನ್ನದೇ ಆದ ಒಂದು ಸ್ವಿಚ್ಚು, ಅದರೊಳಗೆ ಉಕ್ಕಿನ ಸ್ಪ್ರಿಂಗು, ಒಂದನ್ನೊಂದು ಮುಟ್ಟುವ ಲೋಹದ ಎಲೆಗಳು ಇವೆ. ಕೀಲಿಯು ಅರ್ಧ ದಾರಿ ಇಳಿಯುವಷ್ಟರಲ್ಲಿಯೇ ಅಕ್ಷರವು ಮೂಡುವುದರಿಂದ ಬೆರಳು ತಳವನ್ನು ಬಡಿಯಬೇಕಾದುದಿಲ್ಲ. ಒಳ್ಳೆಯ ಸ್ವಿಚ್ಚು ಐದು ಕೋಟಿ ಒತ್ತುಗಳನ್ನಾದರೂ ತಡೆಯುವುದೆಂದು ತಯಾರಕರು ಲೆಕ್ಕ ಕೊಡುವರು.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಮಿಲ್ವಾಕೀ ನಗರದ ಕ್ರಿಸ್ಟೊಫರ್ ಶೋಲ್ಸ್ ಎಂಬವನು ತನ್ನ ಸಂಗಡಿಗರೊಡನೆ ೧೮೬೮ರಲ್ಲಿ ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೭೪ರಲ್ಲಿ ರೆಮಿಂಗ್ಟನ್ ಸಂಸ್ಥೆಯವರು ಅದನ್ನು ಮಾರಾಟಕ್ಕಿಟ್ಟರು. ಅಂದಿನ ಅಕ್ಷರಗಳ ಜೋಡಣೆಯೇ ಅಲ್ಪಸ್ವಲ್ಪ ಬದಲಾವಣೆಯೊಡನೆ ಇಂದಿಗೂ ನಮ್ಮ ಬೆರಳುಗಳ ಕೆಳಗಿರುವುದು. ೧೯೮೦ರ ದಶಕದಲ್ಲಿ ಐಬಿಎಂ ಸಂಸ್ಥೆಯ ‘ಮಾಡೆಲ್ ಎಂ’ ಎಂಬ ಕೀಲಿಮಣೆಯು ತನ್ನ ಗಟ್ಟಿತನದಿಂದ ಹೆಸರಾಯಿತು. ಒತ್ತಿದಾಗ ನಡುವೆ ಬಾಗಿ ಮಡಿಯುವ ಸ್ಪ್ರಿಂಗು ಅದರ ಜೀವಾಳ. ಅದೇ ದಶಕದಲ್ಲಿ ಚೆರ್ರಿ ಎಂಬ ಸಂಸ್ಥೆಯು ಜರ್ಮನಿಯಲ್ಲಿ ‘ಎಂಎಕ್ಸ್’ ಸ್ವಿಚ್ಚನ್ನು ಹೊರತಂದಿತು. ಅನಂತರ ಅಗ್ಗದ ರಬ್ಬರಿನ ಮಣೆಗಳು ಎಲ್ಲೆಡೆ ಹರಡಿ, ಮೆಕ್ಯಾನಿಕಲ್ ಮಣೆಗಳು ಕೆಲವರ ಸೊತ್ತಾಗಿ ಉಳಿದವು. ೨೦೧೪ರ ಸುಮಾರಿಗೆ ಚೆರ್ರಿಯ ಹಕ್ಕುಪತ್ರದ ಅವಧಿಯು ಮುಗಿಯಲು, ಚೀನಾ ದೇಶದ ಗೇಟ್‌ರಾನ್, ಕೈಲ್, ಔಟೆಮು ಮೊದಲಾದವರು ಅದೇ ಮಾದರಿಯ ಸ್ವಿಚ್ಚುಗಳನ್ನು ಧಾರಾಳವಾಗಿ ತಯಾರಿಸಿದರು. ಬೆಲೆಯು ಇಳಿದು ಸಾಮಾನ್ಯ ಗೃಹಸ್ಥನ ಕೈಗೂ ಎಟುಕಿತು.

ಹೀಗಿರುವುದರಿಂದ ಮೊಟ್ಟಮೊದಲು ಪರೀಕ್ಷಿಸತಕ್ಕದ್ದು ಸ್ವಿಚ್ಚನ್ನು. ಇದರಲ್ಲಿ ಮೂರು ಸ್ವಭಾವಗಳುಂಟು. ಚೆರ್ರಿಯವರು ಅವುಗಳನ್ನು ಬಣ್ಣಗಳಿಂದ ಗುರುತಿಸಿರುವರು. ಕೆಂಪು ಸ್ವಿಚ್ಚು ನುಣುಪಾಗಿ ತಡೆಯಿಲ್ಲದೆ ಕೆಳಗಿಳಿಯುವುದು. ಅದನ್ನು ಒತ್ತಲು ಸುಮಾರು ೪೫ ಗ್ರಾಂ ಭಾರ ಸಾಕು. ಕಂದು ಸ್ವಿಚ್ಚಿನಲ್ಲಿ ನಡುದಾರಿಯಲ್ಲಿ ಒಂದು ಸಣ್ಣ ಉಬ್ಬು ಬೆರಳಿಗೆ ತಾಗಿ, ಅಕ್ಷರವು ಮೂಡಿತೆಂದು ಸೂಚಿಸುವುದು. ಅದಕ್ಕೆ ಸುಮಾರು ೫೫ ಗ್ರಾಂ. ನೀಲಿ ಸ್ವಿಚ್ಚಿನಲ್ಲಿ ಉಬ್ಬಿನ ಜೊತೆಗೆ ‘ಟಿಕ್’ ಎಂಬ ಸದ್ದೂ ಏಳುವುದು; ಅದಕ್ಕೆ ಸುಮಾರು ೬೦ ಗ್ರಾಂ. ಮೂರರಲ್ಲಿಯೂ ಕೀಲಿಯ ಪೂರ್ಣ ಇಳಿತವು ೪ ಮಿಲಿಮೀಟರು. ಅಕ್ಷರವು ಮೂಡುವುದು ೨ ಮಿಲಿಮೀಟರಿನ ಆಸುಪಾಸಿನಲ್ಲಿ. ಬೇರೆ ತಯಾರಕರು ಇವೇ ಬಣ್ಣಗಳನ್ನು ಬಹುಮಟ್ಟಿಗೆ ಅನುಸರಿಸಿದರೂ ಎಲ್ಲರೂ ಅನುಸರಿಸುವರೆಂದಿಲ್ಲ. ಆದುದರಿಂದ ಬಣ್ಣವನ್ನು ಕೇಳುವುದರ ಬದಲು, ನುಣುಪೋ, ಉಬ್ಬೋ, ಸದ್ದೋ ಎಂದು ಕೇಳತಕ್ಕದ್ದು.

ನೀಲಿ ಸ್ವಿಚ್ಚಿನ ಸದ್ದು ಬರೆಯುವವನಿಗೆ ಬಲು ಇಂಪು. ಆದರೆ ಮನೆಯಲ್ಲಿ ಅವನೊಬ್ಬನೇ ಇರುವುದಿಲ್ಲ. ರಾತ್ರಿ ಹತ್ತರ ಮೇಲೆ ಪಕ್ಕದ ಕೋಣೆಯಲ್ಲಿ ಹಿರಿಯರು ಮಲಗಿರುವರು, ಮಗುವು ಆಗತಾನೆ ಕಣ್ಣು ಮುಚ್ಚಿರುವುದು. ಆಗ ಆ ಇಂಪು ಇತರರಿಗೆ ಕಿರುಕುಳವಾಗುವುದು. ಎರಡು ಕೋಣೆಗಳ ಮನೆಗೆ ನೀಲಿ ಸ್ವಿಚ್ಚು ಸಲ್ಲದೆಂದೇ ಹೇಳಬೇಕು. ಕೆಂಪು ಕಂದುಗಳೂ ಪೂರ್ತಿ ಮೌನವಾದುವಲ್ಲ. ಕೀಲಿಯು ತಳಕ್ಕೆ ಬಡಿಯುವ ಸದ್ದು ಅವುಗಳಲ್ಲಿಯೂ ಉಂಟು. ಅದೂ ಬೇಡವೆನ್ನುವವರಿಗೆ, ಒಳಗೆ ಮೆತ್ತನೆಯ ತಡೆಗಳನ್ನಿಟ್ಟು ಸದ್ದಡಗಿಸಿದ ಸ್ವಿಚ್ಚುಗಳು ದೊರೆಯುತ್ತವೆ.

ಒತ್ತುವ ಭಾರವು ಅಲ್ಪವೆಂದು ತಳ್ಳಿಹಾಕತಕ್ಕದ್ದಲ್ಲ. ಬರವಣಿಗೆಯ ಒಂದು ಪುಟಕ್ಕೆ ಎರಡು ಸಾವಿರ ಒತ್ತುಗಳೆಂದು ಇಟ್ಟುಕೊಳ್ಳೋಣ. ಹತ್ತು ಪುಟಗಳಿಗೆ ಇಪ್ಪತ್ತು ಸಾವಿರ. ೪೫ ಗ್ರಾಮಿಗೂ ೬೦ ಗ್ರಾಮಿಗೂ ಇರುವ ೧೫ ಗ್ರಾಂ ವ್ಯತ್ಯಾಸವನ್ನು ಇದರಿಂದ ಗುಣಿಸಿದರೆ ೩೦೦ ಕಿಲೋಗ್ರಾಂ ಆಗುವುದು. ಮೂರು ಕ್ವಿಂಟಾಲ್ ಅಕ್ಕಿಯ ತೂಕದಷ್ಟು ಒತ್ತಡವನ್ನು ಬೆರಳುಗಳು ಹೆಚ್ಚಾಗಿ ಹಾಕಿದಂತಾಯಿತು. ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಮನಸ್ಸಿಗೆ ತಾಗತಕ್ಕ ಮಾತು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವೂ ಅಂಗೀಕರಿಸಿದ ಜೋಡಣೆಯಲ್ಲಿ ‘ಅಕ್ಕ’ ಎಂಬ ಎರಡಕ್ಷರದ ಮಾತಿಗೆ ನಾಲ್ಕು ಒತ್ತುಗಳು ಬೇಕು. ಒತ್ತಕ್ಷರವನ್ನು ಕೂಡಿಸಲು ನಡುವೆ ‘ಎಫ್’ ಕೀಲಿಯನ್ನು ಒತ್ತತಕ್ಕದ್ದು. ‘ಕ’ಕಾರವು ‘ಖ’ಕಾರವಾಗಬೇಕಾದರೆ ಶಿಫ್ಟ್ ಕೀಲಿಯನ್ನು ಹಿಡಿಯಬೇಕು. ಹೀಗೆ ಕನ್ನಡ ಬರೆಯುವವರ ಎಡಗೈಯ ತೋರುಬೆರಳಿಗೂ ಕಿರುಬೆರಳಿಗೂ ಹೆಚ್ಚಿನ ದುಡಿಮೆ ಬೀಳುವುದು. ಆದುದರಿಂದ ದೀರ್ಘವಾಗಿ ಬರೆಯುವವರು ಹಗುರವಾದ ಸ್ವಿಚ್ಚನ್ನೇ ಆರಿಸುವುದು ಲೇಸು. ಕನ್ನಡಕ್ಕಾಗಿ ಬೇರೆ ಕೀಲಿಮಣೆಯನ್ನು ಕೊಳ್ಳಬೇಕಾದುದಿಲ್ಲ. ಅಕ್ಷರಗಳ ಜೋಡಣೆಯು ಕಂಪ್ಯೂಟರಿನ ಒಳಗೆ ನಡೆಯತಕ್ಕ ಏರ್ಪಾಡು.

ಇನ್ನು ಆಟದ ಮಾತು. ಮಾರಾಟಗಾರರು ಇಲ್ಲಿ ಹೆಚ್ಚಾಗಿ ಹೊಗಳುವುದು ವೇಗವನ್ನು. ಸಾಧಾರಣ ಕೀಲಿಮಣೆಯನ್ನು ಕಂಪ್ಯೂಟರು ಸೆಕೆಂಡಿಗೆ ೧೨೫ ಸಲ ವಿಚಾರಿಸುವುದು, ಎಂದರೆ ೮ ಮಿಲಿಸೆಕೆಂಡಿಗೊಮ್ಮೆ. ಆಟದ ಕೀಲಿಮಣೆಯನ್ನು ೧೦೦೦ ಸಲ, ಎಂದರೆ ೧ ಮಿಲಿಸೆಕೆಂಡಿಗೊಮ್ಮೆ. ಲಾಭವು ಹೆಚ್ಚೆಂದರೆ ೭ ಮಿಲಿಸೆಕೆಂಡು. ಕಣ್ಣಿಗೆ ಕಂಡುದನ್ನು ಗ್ರಹಿಸಿ ಬೆರಳನ್ನು ಒತ್ತಲು ಮನುಷ್ಯನಿಗೆ ಸುಮಾರು ೨೦೦ ಮಿಲಿಸೆಕೆಂಡು ಹಿಡಿಯುವುದು. ಸಾಧಾರಣವಾದ ೬೦ ಹರ್ಟ್ಸ್ ಪರದೆಯು ಹೊಸ ಚಿತ್ರವನ್ನು ತೋರಿಸುವುದು ಸುಮಾರು ೧೬ ಮಿಲಿಸೆಕೆಂಡಿಗೊಮ್ಮೆ. ಇದನ್ನು ತೂಗಿ ನೋಡಿದರೆ, ಸಾವಿರ ಸಲದ ಮಣೆಯು ಸಾಕಷ್ಟು ಆಯಿತು. ಎಂಟು ಸಾವಿರ ಸಲವೆಂದು ಹೇಳುವ ಮಣೆಗೆ ಹೆಚ್ಚಿನ ಹಣ ಕೊಡುವುದರಿಂದ ಮನೆಯ ಆಟಗಾರರಿಗೆ ಗೆಲವು ಬಾರದು. ೧.೨ ಮಿಲಿಮೀಟರಿನಲ್ಲಿಯೇ ಮೂಡುವ ‘ಸ್ಪೀಡ್’ ಸ್ವಿಚ್ಚುಗಳೂ ಇವೆ. ಆಟಕ್ಕೆ ಚುರುಕಾದರೂ, ಬರೆಯುವಾಗ ಬೆರಳು ಸುಮ್ಮನೆ ತಾಗಿದರೂ ಬೇಡದ ಅಕ್ಷರವು ಬಿದ್ದು ತಿದ್ದುವ ಕೆಲಸವು ಹೆಚ್ಚುವುದು.

ವೇಗಕ್ಕಿಂತ ಮುಖ್ಯವಾದುದು ಇನ್ನೊಂದುಂಟು: ಅನೇಕ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಎಲ್ಲವೂ ಲೆಕ್ಕಕ್ಕೆ ಬರುವುವೇ ಎಂಬುದು. ಆಟದಲ್ಲಿ ಮುಂದೆ ಓಡುತ್ತ, ಪಕ್ಕಕ್ಕೆ ಸರಿಯುತ್ತ, ಹಾರಬೇಕಾದರೆ ಮೂರು ನಾಲ್ಕು ಕೀಲಿಗಳನ್ನು ಒಮ್ಮೆಗೇ ಹಿಡಿಯಬೇಕು. ಅಗ್ಗದ ಮಣೆಗಳಲ್ಲಿ ಮೂರನೆಯ ಕೀಲಿಯು ಕೆಲವೊಮ್ಮೆ ನುಂಗಿಹೋಗುವುದು. ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಎರಡೂ ಶಿಫ್ಟ್ ಕೀಲಿಗಳನ್ನು ಒತ್ತಿ ಹಿಡಿದು, ಉಳಿದ ಬೆರಳುಗಳಿಂದ ಎಲ್ಲ ಅಕ್ಷರಗಳನ್ನೂ ಒಂದೊಂದಾಗಿ ಒತ್ತಿರಿ. ಒಂದಾದರೂ ಮೂಡದಿದ್ದರೆ ಆ ಮಣೆಯನ್ನು ಅಲ್ಲಿಯೇ ಬಿಟ್ಟು ಬರಬಹುದು. ‘ಎನ್-ಕೀ ರೋಲೋವರ್’ ಎಂಬ ಗುಣವುಳ್ಳ ಮಣೆಯಲ್ಲಿ ಈ ದೋಷವಿರದು.

ಈಚೆಗೆ ಅಯಸ್ಕಾಂತದ ಸ್ವಿಚ್ಚುಗಳೂ ಬಂದಿವೆ. ೧೮೭೯ರಲ್ಲಿ ಎಡ್ವಿನ್ ಹಾಲ್ ಎಂಬವನು ಕಂಡುಹಿಡಿದ ತತ್ತ್ವವೇ ಇವಕ್ಕೆ ಆಧಾರ. ಲೋಹದ ಎಲೆಗಳು ತಾಗಬೇಕಾದುದಿಲ್ಲ. ಕೀಲಿಯೊಡನೆ ಇಳಿಯುವ ಅಯಸ್ಕಾಂತದ ದೂರವನ್ನು ಮಣೆಯೇ ಅಳೆಯುವುದು. ಆದುದರಿಂದ ಅಕ್ಷರವು ಎಷ್ಟು ಇಳಿತಕ್ಕೆ ಮೂಡಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು. ಆಟಕ್ಕೆ ಕಡಿಮೆ, ಬರೆಯಲು ಹೆಚ್ಚು. ನೆದರ್ಲೆಂಡ್ಸಿನ ವೂಟಿಂಗ್ ಸಂಸ್ಥೆಯವರು ಇವುಗಳನ್ನು ಪ್ರಸಿದ್ಧಿಗೆ ತಂದರು. ಆದರೆ ಸ್ಪರ್ಧೆಗೆ ನಿಲ್ಲುವ ಮಕ್ಕಳಿರುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಎದುರುಬದುರಾದ ಎರಡು ಕೀಲಿಗಳನ್ನು ಒತ್ತಿ ಹಿಡಿದಾಗ ಕಡೆಯದನ್ನು ಮಾತ್ರ ತಾನೇ ಆಯ್ದುಕೊಡುವ ಸೌಕರ್ಯವು ಕೆಲವು ಮಣೆಗಳಲ್ಲಿ ಉಂಟು. ೨೦೨೪ರ ಆಗಸ್ಟಿನಲ್ಲಿ ವಾಲ್ವ್ ಸಂಸ್ಥೆಯವರು ‘ಕೌಂಟರ್-ಸ್ಟ್ರೈಕ್ ೨’ ಆಟದ ತಮ್ಮ ಅಧಿಕೃತ ಸರ್ವರುಗಳಲ್ಲಿ ಇದನ್ನು ನಿಷೇಧಿಸಿದರು. ಕೈಯ ಚಳಕವನ್ನು ಯಂತ್ರವೇ ಮಾಡಿಕೊಟ್ಟರೆ ಆಟದ ಅರ್ಥವೇನು ಎಂಬ ಪ್ರಶ್ನೆಯು ಇಲ್ಲಿ ಏಳುವುದು ಸಹಜ.

ಗಾತ್ರವೂ ಅಲಕ್ಷಿಸತಕ್ಕದ್ದಲ್ಲ. ಪೂರ್ಣ ಮಣೆಯಲ್ಲಿ ೧೦೪ ಕೀಲಿಗಳು. ಅಗಲ ಸುಮಾರು ೪೪ ಸೆಂಟಿಮೀಟರು. ಬಲಗಡೆಯ ಅಂಕಿಗಳ ಗುಂಪನ್ನು ತೆಗೆದ ಮಣೆಯಲ್ಲಿ ೮೭ ಕೀಲಿಗಳು; ಅಗಲ ಸುಮಾರು ೩೬. ಇನ್ನೂ ಚಿಕ್ಕದಾದ ೬೧ ಕೀಲಿಗಳ ಮಣೆಯಲ್ಲಿ ಬಾಣದ ಗುರುತಿನ ಕೀಲಿಗಳೂ ಇರವು. ದಿನವೂ ಲೆಕ್ಕ ಬರೆಯುವ ಮನೆಗೆ ಅಂಕಿಗಳ ಗುಂಪು ಬೇಕು. ಅದಿಲ್ಲದವರಿಗೆ ೮೭ರ ಮಣೆಯೇ ಯೋಗ್ಯ. ಮೌಸು ಹತ್ತಿರಕ್ಕೆ ಬಂದು ಬಲತೋಳು ಹೊರಗೆ ಚಾಚುವುದು ತಪ್ಪುವುದು. ೬೧ರ ಮಣೆಯು ಮೇಜಿಗೆ ಅಂದವಾದರೂ, ಬರೆದುದನ್ನು ತಿದ್ದುವವರಿಗೆ ಹೆಜ್ಜೆಹೆಜ್ಜೆಗೂ ತೊಡಕು.

ಮೆಕ್ಯಾನಿಕಲ್ ಮಣೆಯು ಸಾಮಾನ್ಯವಾಗಿ ಎತ್ತರವಾದುದು. ಅದರ ಮೇಲೆ ಕೈಯಿಟ್ಟಾಗ ಮಣಿಕಟ್ಟು ಮೇಲಕ್ಕೆ ಬಾಗುವುದು. ಹಿಂಬದಿಯ ಕಾಲುಗಳನ್ನು ಎತ್ತಿ ನಿಲ್ಲಿಸಿದರೆ ಬಾಗು ಇನ್ನೂ ಹೆಚ್ಚುವುದು. ಆದುದರಿಂದ ಕಾಲುಗಳನ್ನು ಮಡಿಸಿ, ಮೊಣಕೈಗಳು ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿಯನ್ನು ಹೊಂದಿಸಿಕೊಂಡು, ಮಣಿಕಟ್ಟನ್ನು ನೇರವಾಗಿಡತಕ್ಕದ್ದು. ಎಷ್ಟೇ ಬೆಲೆಯ ಕೀಲಿಮಣೆಯಾದರೂ ವಿಶ್ರಾಂತಿಗೆ ಬದಲಾಗಲಾರದು. ಬೆರಳುಗಳು ಜೋಮು ಹಿಡಿಯುವುದು, ರಾತ್ರಿಯಲ್ಲಿ ಮಣಿಕಟ್ಟು ನೋಯುವುದು ಮೊದಲಾದುವು ಕಂಡರೆ ಹೊಸ ಮಣೆಯನ್ನು ಹುಡುಕದೆ ವೈದ್ಯರನ್ನು ಕಾಣಬೇಕು.

ಉಳಿದುವು ಬಾಳಿಕೆಯ ವಿಚಾರಗಳು. ಕೀಲಿಯ ಮೇಲಣ ಟೋಪಿಗಳು ಎಬಿಎಸ್ ಪ್ಲಾಸ್ಟಿಕ್ಕಿನವಾದರೆ ಕೆಲವು ಕಾಲದಲ್ಲಿ ಎಣ್ಣೆ ಸವರಿದಂತೆ ಹೊಳೆಯತೊಡಗುವುವು. ಪಿಬಿಟಿಯವು ಬಹುಕಾಲ ತರಿತರಿಯಾಗಿಯೇ ಉಳಿಯುವುವು. ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬೇರೊಂದನ್ನು ಕೂರಿಸಬಹುದಾದ ‘ಹಾಟ್-ಸ್ವಾಪ್’ ಮಣೆಯನ್ನು ಕೊಂಡರೆ, ಒಂದು ಕೀಲಿಯು ಕೆಟ್ಟ ಮಾತ್ರಕ್ಕೆ ಇಡೀ ಮಣೆಯನ್ನು ಎಸೆಯಬೇಕಾಗುವುದಿಲ್ಲ. ಕಂದು ಒಗ್ಗದಿದ್ದರೆ ಕೆಂಪನ್ನು ಹಾಕಿಕೊಳ್ಳಲೂಬಹುದು. ತಂತಿಯ ಮಣೆಯು ಅಗ್ಗ, ನಿಶ್ಚಿಂತೆ. ತಂತಿಯಿಲ್ಲದ ಮಣೆಯಲ್ಲಿ ಆಟವಾಡುವವರು ಬ್ಲೂಟೂತನ್ನು ಬಿಟ್ಟು, ಜೊತೆಯಲ್ಲಿ ಕೊಡುವ ಸಣ್ಣ ರಿಸೀವರನ್ನು ಬಳಸತಕ್ಕದ್ದು. ಕಾಫಿಯು ಚೆಲ್ಲಿದರೆ ಒಡನೆಯೇ ತಂತಿಯನ್ನು ಕಿತ್ತು, ಮಣೆಯನ್ನು ಬೋರಲಾಗಿಟ್ಟು, ಪೂರ್ತಿ ಒಣಗುವ ತನಕ ಮತ್ತೆ ಜೋಡಿಸಲಾಗದು. ದೀಪಗಳ ಬಣ್ಣವನ್ನು ಎಲ್ಲಕ್ಕೂ ಕಡೆಯಲ್ಲಿ ನೋಡಿದರೆ ಸಾಕು.

ಒಟ್ಟಿನಲ್ಲಿ, ಆಟವೂ ಬರವಣಿಗೆಯೂ ಸಮವಾಗಿ ನಡೆಯುವ ಮನೆಗೆ ಹಗುರವಾದ ಕಂದು ಅಥವಾ ಸದ್ದಡಗಿಸಿದ ಕೆಂಪು ಸ್ವಿಚ್ಚು, ೮೭ ಕೀಲಿಗಳು, ಪಿಬಿಟಿ ಟೋಪಿಗಳು, ಸ್ವಿಚ್ಚು ಬದಲಿಸುವ ಅನುಕೂಲ, ಎಲ್ಲ ಕೀಲಿಗಳನ್ನೂ ಒಟ್ಟಿಗೆ ಗುರುತಿಸುವ ಗುಣ, ಒಂದು ಗಟ್ಟಿ ತಂತಿ ಇಷ್ಟಿದ್ದರೆ ಕೊರತೆಯಿಲ್ಲ. ಮಧ್ಯಮ ಬೆಲೆಯ ಮಣೆಗಳಲ್ಲಿಯೇ ಇವೆಲ್ಲವೂ ಈಗ ದೊರೆಯುತ್ತವೆ. ಕೊಳ್ಳುವ ಮೊದಲು ಮನೆಯಲ್ಲಿ ಅದನ್ನು ಬಳಸತಕ್ಕವರೆಲ್ಲರೂ ಒಂದೊಂದು ವಾಕ್ಯವನ್ನು ಬರೆದು ನೋಡಲಿ. ಬಳಸದವರು ಅದರ ಸದ್ದನ್ನು ಕೇಳಿ ನೋಡಲಿ. ಈ ಎರಡು ಗುಂಪುಗಳೂ ಒಪ್ಪಿದ ಮಣೆಯನ್ನು ನಿಶ್ಚಿಂತೆಯಿಂದ ಮನೆಗೆ ತರಬಹುದು.