ಪಾಸ್ಟರಿಗೆ ಏಟು ಬಿದ್ದರೆ ದೂರು ಕೊಡುವವರು ಯಾರು?

ಭಾಲ್ಕಿ ತಾಲ್ಲೂಕಿನ ಮೆಹಕರ ಸೀಮೆಯಿಂದ ಔರಾದ್‌ವರೆಗೆ, ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಕ್ರೈಸ್ತರೆಂದರೆ ಬಹುಪಾಲು ಮೆಥೋಡಿಸ್ಟರು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಬಂದ ಮಿಷನ್ನನ್ನು ಸೇರಿದವರಲ್ಲಿ ದಲಿತ ಕೇರಿಯವರೇ ಹೆಚ್ಚು. ಇಂಥ ಊರುಗಳಲ್ಲಿ ಸಭೆ ನಿಂತಿರುವುದೇ ಪಾಸ್ಟರ್ ಒಬ್ಬರ ಓಡಾಟದ ಮೇಲೆ. ಭಾನುವಾರದ ಆರಾಧನೆ, ಮದುವೆ, ಮಣ್ಣು, ಕೂಸಿನ ದೀಕ್ಷಾಸ್ನಾನ, ಕಾಯಿಲೆ ಬಿದ್ದವರ ಮನೆಯ ಪ್ರಾರ್ಥನೆ, ಎಲ್ಲಕ್ಕೂ ಅವರೇ ಬರಬೇಕು. ಅವರ ಮೇಲೆ ಯಾರಾದರೂ ಕೈ ಮಾಡಿದರೆ ಇಷ್ಟೂ ಒಮ್ಮೆಗೇ ನಿಂತುಹೋಗುತ್ತದೆ. ಹಾಗಾಗಿಯೇ ರಾಜ್ಯದ ಬೇರೆಲ್ಲೋ ಒಬ್ಬ ಪಾದ್ರಿಗೆ, ಸಿಸ್ಟರಿಗೆ ಏಟು ಬಿದ್ದ ಸುದ್ದಿ ಬಂದರೂ ಇಲ್ಲಿನವರ ಎದೆ ನಡುಗುತ್ತದೆ.

ನಮ್ಮ ಭಾಗಕ್ಕೆ ಆ ಭಯ ತೀರ ಹತ್ತಿರ ಬಂದದ್ದು 2000ದ ಜೂನ್ 8ರಂದು. ಸಿಮೆಂಟಿಗೂ ರೈಲು ಜಂಕ್ಷನ್ನಿಗೂ ಹೆಸರಾದ ವಾಡಿಯ ಕ್ಯಾಥೊಲಿಕ್ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ಜುಲೈನಲ್ಲಿ ಹುಬ್ಬಳ್ಳಿ, ಮರುದಿನವೇ ಬೆಂಗಳೂರು. ಯಾರು ಮಾಡಿದರೆಂದು ತಿಳಿಯದೆ ನೆರೆಹೊರೆಯವರೇ ಒಬ್ಬರನ್ನೊಬ್ಬರು ಅನುಮಾನಿಸುವ ಹೊತ್ತಿನಲ್ಲಿ, ಮಾಗಡಿ ರಸ್ತೆಯಲ್ಲಿ ಸ್ಫೋಟಕ ಸಾಗಿಸುತ್ತಿದ್ದ ವ್ಯಾನೇ ಸಿಡಿದು ಇಬ್ಬರು ಸತ್ತರು. ಅಲ್ಲಿಂದ ತನಿಖೆ ದೀನದಾರ್ ಅಂಜುಮನ್ ಸಂಘಟನೆಯವರನ್ನು ತಲುಪಿತು. 2008ರ ನವೆಂಬರಿನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. ತಡವಾಯಿತು, ನಿಜ. ಆದರೆ ತಪ್ಪಿತಸ್ಥರು ಯಾರೆಂಬುದು ತೀರ್ಮಾನವಾಯಿತು.

ಅದೇ ವರ್ಷ ಮಂಗಳೂರಿನಲ್ಲಿ ನಡೆದದ್ದಕ್ಕೆ ಅಂಥ ತೀರ್ಮಾನ ಸಿಗಲಿಲ್ಲ. ಒಡಿಶಾದ ಕಂಧಮಾಲ್‌ನಲ್ಲಿ ಹಿಂಸೆ ಇನ್ನೂ ಆರದ ದಿನಗಳವು. ಸೆಪ್ಟೆಂಬರ್ 14, ಭಾನುವಾರ. ಕ್ಯಾಥೊಲಿಕರಿಗೆ ಪವಿತ್ರ ಶಿಲುಬೆಯ ಹಬ್ಬ. ಮಿಲಾಗ್ರಿಸ್ ಚರ್ಚಿನ ಹತ್ತಿರದ ಅಡೋರೇಷನ್ ಮೊನಾಸ್ಟರಿಗೆ ಗುಂಪೊಂದು ನುಗ್ಗಿತು. ಅಲ್ಲಿರುವವರು ಸೇಂಟ್ ಕ್ಲೇರ್ ಪಂಗಡದ ಸಿಸ್ಟರುಗಳು. ಮಠದ ಗೋಡೆ ದಾಟಿ ಹೊರಗೆ ಬರುವುದೇ ಅಪರೂಪ. ಸರದಿಯ ಮೇಲೆ ಪರಮಪ್ರಸಾದದ ಮುಂದೆ ಮೊಣಕಾಲೂರಿ ಪ್ರಾರ್ಥಿಸುವುದೇ ಅವರ ಬದುಕು. ಮತಾಂತರದ ಸಿಟ್ಟು ಎಂಬ ನೆಪ ಹೇಳಿ ಬಂದವರು, ಯಾರ ಮನೆ ಬಾಗಿಲನ್ನೂ ತಟ್ಟದ ಈ ಹೆಣ್ಣುಮಕ್ಕಳ ಪ್ರಾರ್ಥನಾಲಯದ ಕಿಟಕಿ ಗಾಜು ಒಡೆದರು, ಶಿಲುಬೆಯ ಮೇಲಿನ ಯೇಸುವಿನ ಪ್ರತಿಮೆ ಮುರಿದರು, ಪರಮಪ್ರಸಾದ ಇಡುವ ಪೆಟ್ಟಿಗೆಗೇ ಕೈ ಹಾಕಿದರು. ಕ್ಯಾಥೊಲಿಕರಿಗೆ ಆ ಪೆಟ್ಟಿಗೆ ಬರೀ ಪೂಜಾ ಸಾಮಾನಲ್ಲ, ಕ್ರಿಸ್ತನೇ ಅಲ್ಲಿದ್ದಾನೆಂದು ನಂಬಿದವರು ಅವರು. ಅದೇ ದಿನ ನ್ಯೂ ಲೈಫ್ ಎಂಬ ಬೇರೊಂದು ಕ್ರೈಸ್ತ ಪಂಗಡದ ಸಭೆಗಳ ಮೇಲೂ ದಾಳಿಯಾಯಿತು.

ಮುಂದೆ ನಡೆದದ್ದು ಗಾಯವನ್ನು ಇನ್ನೂ ಆಳ ಮಾಡಿತು. ಪ್ರತಿಭಟಿಸಲು ಚರ್ಚುಗಳ ಬಳಿ ಸೇರಿದವರ ಮೇಲೆ ಪೊಲೀಸರು ಲಾಠಿ ಬೀಸಿದರು. ಕುಲಶೇಖರ, ಪೆರ್ಮನ್ನೂರುಗಳಲ್ಲಿ ಪೊಲೀಸರು ಚರ್ಚಿನ ಆವರಣಕ್ಕೇ ನುಗ್ಗಿ ಹೊಡೆದರೆಂದು ಜನ ದೂರಿದರು. ಕಾಯಬೇಕಾದ ಕೈಯೇ ಹೊಡೆಯಿತೆಂಬ ನೋವು ಒಡೆದ ಪ್ರತಿಮೆಯ ನೋವಿಗಿಂತ ಹೆಚ್ಚು ದಿನ ಉಳಿಯಿತೆಂದೇ ನನ್ನ ಎಣಿಕೆ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಆಗಿನ ಆಡಳಿತ ಪಕ್ಷಕ್ಕೂ ಸಂಘ ಪರಿವಾರದ ಮುಖ್ಯ ಸಂಘಟನೆಗಳಿಗೂ ಇದರಲ್ಲಿ ಕೈವಾಡವಿಲ್ಲ ಎಂದಿತು. ಕ್ರೈಸ್ತ ಸಂಘಟನೆಗಳು ಅದನ್ನು ಒಪ್ಪಲಿಲ್ಲ. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ ಬೇರೆಯೇ ವರದಿ ಬರೆದರು.

ಅಂದು ದಾಳಿಯನ್ನು ಬಹಿರಂಗವಾಗಿ ಸಮರ್ಥಿಸಿಕೊಂಡು ಬಂಧನಕ್ಕೊಳಗಾದವರು ಬಜರಂಗದಳದ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್. ಆಮೇಲೆ ಅವರು ಸಂಘಟನೆ ತೊರೆದರು. ಊರೂರು ಸುತ್ತಿ ಕೋಮುದ್ವೇಷದ ವಿರುದ್ಧ ಮಾತಾಡಿದರು. 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಹಳೆಯ ದಾರಿ ತಪ್ಪೆಂದು ಅವರು ಬಾಯಿಬಿಟ್ಟು ಹೇಳಿದ್ದು ಸಣ್ಣ ಮಾತಲ್ಲ. ನೊಂದವರಿಗೆ ಇಂಥ ಒಂದು ಮಾತು ಕೊಡುವ ಸಮಾಧಾನವನ್ನು ದಪ್ಪ ವರದಿಗಳು ಕೊಡಲಾರವು.

ಆದರೆ ಬೀದರಿನ ಹಳ್ಳಿಯ ಪಾಸ್ಟರಿಗೆ ಮಂಗಳೂರಿನವರಿಗಿಲ್ಲದ ಇನ್ನೊಂದು ಸಂಕಟವಿದೆ. ಮಂಗಳೂರಿನ ಕ್ರೈಸ್ತರಿಗೆ ಬಿಷಪ್ಪರಿದ್ದಾರೆ, ಕಾಲೇಜು, ಆಸ್ಪತ್ರೆ, ವಕೀಲರಿದ್ದಾರೆ. ದಲಿತ ಕೇರಿಯಿಂದ ಬಂದ ಪಾಸ್ಟರ್ ಠಾಣೆಯ ಮೆಟ್ಟಿಲು ಹತ್ತಿದರೆ ಮೊದಲು ಎದುರಾಗುವುದು 1950ರ ರಾಷ್ಟ್ರಪತಿ ಆದೇಶ. ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ ಎನ್ನುತ್ತದೆ ಅದು. ಆಗಿನ ಗುಂಟೂರು ಜಿಲ್ಲೆಯ ಕೊತ್ತಪಾಲೆಂನಲ್ಲಿ ಪಾಸ್ಟರ್ ಒಬ್ಬರು, ತಮ್ಮನ್ನು ಜಾತಿ ಹಿಡಿದು ಬೈದು ಹೊಡೆದರೆಂದು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟಿದ್ದರು. 2025ರ ಏಪ್ರಿಲ್ 30ರಂದು ಆಂಧ್ರ ಹೈಕೋರ್ಟು ಆ ಪ್ರಕರಣವನ್ನೇ ರದ್ದು ಮಾಡಿತು. ಕ್ರೈಸ್ತನಾದ ಮೇಲೆ ಆ ಕಾಯ್ದೆಯ ರಕ್ಷಣೆ ಇಲ್ಲ ಎಂದಿತು. ಹೊಡೆಯುವವನು ಮಾತ್ರ ಪಾಸ್ಟರ್ ಯಾವ ಕೇರಿಯವನೆಂದು ಮರೆಯುವುದಿಲ್ಲ. ಶಿಲುಬೆ ಹಿಡಿದ ಮಾತ್ರಕ್ಕೆ ಊರು ಜಾತಿಯನ್ನು ಬಿಟ್ಟುಕೊಡುವುದಿಲ್ಲ. ಇದು ಘೋರ ಅನ್ಯಾಯ. ಇದರ ಜೊತೆಗೆ ಮತಾಂತರ ನಿಷೇಧ ಕಾಯ್ದೆಯ ಅಂಜಿಕೆಯೂ ಇದೆ. 2022ರಲ್ಲಿ ಜಾರಿಯಾದ ಅದನ್ನು ಹಿಂಪಡೆಯಲು 2023ರ ಜೂನ್ 15ರಂದು ರಾಜ್ಯ ಸಂಪುಟ ತೀರ್ಮಾನಿಸಿತು. ದೂರು ಕೊಡಲು ಹೋದವನೇ ಆರೋಪಿಯಾಗಿ ಬಂದಾನೆಂಬ ದಿಗಿಲು ಒಂದು ತೀರ್ಮಾನದಿಂದ ಅಳಿಯುವಂಥದ್ದಲ್ಲ.

ಇಷ್ಟಾದರೂ ಜಾತಿ ಪ್ರಮಾಣಪತ್ರ ಕೇಳದ ಕಲಮುಗಳಿವೆ. ಭಾರತೀಯ ನ್ಯಾಯ ಸಂಹಿತೆಯ 298 ಆರಾಧನಾ ಸ್ಥಳಕ್ಕೆ ಹಾನಿ ಮಾಡುವುದನ್ನು, 300 ಶಾಂತವಾಗಿ ಕೂಡಿದ ಪ್ರಾರ್ಥನಾ ಸಭೆಯನ್ನು ಕೆಡಿಸುವುದನ್ನು ಅಪರಾಧವೆನ್ನುತ್ತವೆ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಈ ಮಾತನ್ನು ಪ್ರತಿ ಸಭೆಯ ಹಿರಿಯರೂ ಬಾಯಿಪಾಠ ಮಾಡಿಕೊಳ್ಳಲಿ. ಪಾಸ್ಟರನ್ನು ಒಬ್ಬರನ್ನೇ ಠಾಣೆಗೆ ಕಳಿಸದೆ, ಊರಿನ ನಾಲ್ಕು ಜನ, ಅವರಲ್ಲಿ ಕ್ರೈಸ್ತರಲ್ಲದವರೂ ಇಬ್ಬರು, ಜೊತೆಗೆ ಹೋಗಲಿ.